ಮಳೆ ಹೋಗಿ ತಿಂಗಳಾದರೂ ಒಣಗದ ಗೋಡೆ: ಒಡೆಯುವ ಮೊದಲು ಪೈಪಿನ ಸೋರಿಕೆಯನ್ನು ಪತ್ತೆ ಮಾಡುವುದು ಹೇಗೆ?

ನಂದನಗದ್ದಾ ನಿವಾಸಿ (ಕಾರವಾರ), ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆ ಕಾರವಾರದ ನಂದನಗದ್ದಾದಲ್ಲಿದೆ. ಎದುರಿನ ಭಾಗ ಚಿರೆಕಲ್ಲಿನ ಗೋಡೆ, ಹೆಂಚಿನ ಮಾಡು ಇರುವ ಹಳೆಯ ಕಟ್ಟಡ. ಹಿಂಬದಿಗೆ ತಾರಸಿ ಹಾಕಿ ಎರಡು ಕೋಣೆಗಳನ್ನೂ ಒಂದು ಬಚ್ಚಲಮನೆಯನ್ನೂ ಆಮೇಲೆ ಸೇರಿಸಿದ್ದೇವೆ. ತಾರಸಿಯ ಮೇಲೆ ಸಾವಿರ ಲೀಟರಿನ ಟ್ಯಾಂಕು ಮತ್ತು ಸೋಲಾರ್ ಹೀಟರು ಇವೆ. ಹಿತ್ತಲಿನ ಬಾವಿಯಿಂದ ಪಂಪಿನ ಮೂಲಕ ಟ್ಯಾಂಕಿಗೆ ನೀರು ಏರುತ್ತದೆ. ನಗರಸಭೆಯ ನಲ್ಲಿ ಅಂಗಳದಲ್ಲಿದ್ದು, ಅದರ ನೀರನ್ನು ಕುಡಿಯಲು ಮಾತ್ರ ಬಳಸುತ್ತೇವೆ.

ಬಚ್ಚಲಮನೆಗೂ ಆಯಿ ಮಲಗುವ ಕೋಣೆಗೂ ನಡುವಿನ ಗೋಡೆಯಲ್ಲಿ ಮಳೆಗಾಲದ ಕೊನೆಗೆ ಒಂದು ತೇವದ ಕಲೆ ಕಾಣಿಸಿತು. ಮನೆಯೆಲ್ಲ ಥಂಡಿ ಹಿಡಿದಿರುವ ಸಮಯವಾದ್ದರಿಂದ ಅದೂ ಮಳೆಯದ್ದೇ ಇರಬೇಕೆಂದು ಎಲ್ಲರೂ ತಿಳಿದೆವು. ಈಗ ಜನವರಿ ಬಂದಿದೆ, ಉಳಿದ ಗೋಡೆಗಳೆಲ್ಲ ಒಣಗಿವೆ, ಆದರೆ ಆ ಕಲೆ ಮಾತ್ರ ದೊಡ್ಡ ಹರಿವಾಣದಷ್ಟು ಅಗಲವಾಗಿದೆ. ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿ ಬಣ್ಣ ಉಬ್ಬಿ ಸಿಪ್ಪೆಯಂತೆ ಏಳುತ್ತಿದ್ದು, ಬೆರಳಿನಿಂದ ಒತ್ತಿದರೆ ಗಿಲಾವು ಮೆತ್ತಗಾಗಿರುವುದು ತಿಳಿಯುತ್ತದೆ, ಕೆಳಗೆ ಬಿಳಿಯ ಪುಡಿ ಉದುರುತ್ತದೆ. ಪಂಪನ್ನೂ ಮೊದಲಿಗಿಂತ ಹೆಚ್ಚು ಸಲ ಹಾಕಬೇಕಾಗುತ್ತಿದೆ ಎಂದು ಅಪ್ಪ ಹೇಳುತ್ತಾರೆ.

ಒಬ್ಬ ಪ್ಲಂಬರರು ಬಂದು ನೋಡಿ, ಗೋಡೆಯ ಟೈಲ್ಸುಗಳನ್ನು ಪೂರ್ತಿ ತೆಗೆದು ಎಲ್ಲ ಪೈಪುಗಳನ್ನೂ ಬದಲಿಸಬೇಕು ಎಂದರು. ಇನ್ನೊಬ್ಬರು ಇದು ಮಳೆಯ ತೇವವೇ, ನೀರು ತಡೆಯುವ ಬಣ್ಣ ಬಳಿದರೆ ಸಾಕು ಎಂದರು. ಗೋಡೆಗೆ ಉಳಿ ಹಾಕುವ ಮೊದಲು ನಿಜವಾಗಿ ಪೈಪು ಸೋರುತ್ತಿದೆಯೇ, ಸೋರುತ್ತಿದ್ದರೆ ಯಾವ ಪೈಪು ಎಂದು ನಾವೇ ತಿಳಿದುಕೊಳ್ಳುವ ಮಾರ್ಗವಿದೆಯೇ?

ಇನ್ನೊಂದು ಚಿಂತೆಯೂ ಇದೆ. ನಾನು ಉದ್ಯೋಗದ ನಿಮಿತ್ತ ವಾರವಿಡೀ ಹುಬ್ಬಳ್ಳಿಯಲ್ಲಿರುತ್ತೇನೆ, ಮನೆಯಲ್ಲಿ ಅಪ್ಪ ಮತ್ತು ಆಯಿ ಇಬ್ಬರೇ. ರಾತ್ರಿ ಹೊತ್ತಿನಲ್ಲಿ ಪೈಪು ಪೂರ್ತಿ ಒಡೆದರೆ ಅವರು ಮೊದಲು ಏನು ಮಾಡಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ.

ಕುಮಟಾ ಕಟ್ಟಡಗಾರ, ಉತ್ತರ

ಎರಡೂ ಸಲಹೆಗಳನ್ನು ಸದ್ಯಕ್ಕೆ ಬದಿಗಿಡಿ. ಮೂಲ ಗೊತ್ತಾಗದೆ ಒಡೆಯುವುದು ಎಷ್ಟು ತಪ್ಪೋ, ಮೂಲ ಗೊತ್ತಾಗದೆ ಮೇಲೆ ಬಣ್ಣ ಬಳಿಯುವುದು ಅದಕ್ಕಿಂತ ಹೆಚ್ಚು ತಪ್ಪು. ಏಕೆಂದರೆ ಒಳಗಿನಿಂದ ಬರುವ ನೀರಿಗೆ ಹೊರಹೋಗುವ ದಾರಿಯನ್ನು ಮುಚ್ಚಿದರೆ ಅದು ಗೋಡೆಯೊಳಗೇ ಹರಡಿಕೊಂಡು, ವಿದ್ಯುತ್ ತಂತಿಯ ಪೈಪಿನವರೆಗೂ ಹೋಗಿ ಸೇರಬಹುದು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಗಾಳಿ ಕಡಲಿನ ಕಡೆಯಿಂದ ಬೀಸುವುದರಿಂದ ಮಳೆಯ ಇರಚಲು ಹೊಡೆಯುವುದು ಪಶ್ಚಿಮ ಮತ್ತು ನೈಋತ್ಯದ ಗೋಡೆಗಳಿಗೆ. ಚಿರೆಕಲ್ಲು ರಂಧ್ರಗಳಿರುವ ಕಲ್ಲಾದ್ದರಿಂದ ಹೊರಗಿನ ಗಿಲಾವು ಬಿರುಕುಬಿಟ್ಟಿದ್ದರೆ ನೀರನ್ನು ಬೇಗ ಹೀರಿಕೊಳ್ಳುತ್ತದೆ. ಇಂತಹ ತೇವ ಕಿಟಕಿಯ ಮೂಲೆಗಳಲ್ಲಿ, ಮಾಡು ಮತ್ತು ಗೋಡೆ ಕೂಡುವಲ್ಲಿ ಆರಂಭವಾಗಿ ಡಿಸೆಂಬರ್ ಹೊತ್ತಿಗೆ ತಾನಾಗಿ ಆರುತ್ತದೆ. ನೆಲದಿಂದ ಏರುವ ತೇವದ ಸ್ವಭಾವ ಬೇರೆ. ಅದು ಗೋಡೆಯ ಬುಡದುದ್ದಕ್ಕೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ, ಸಾಮಾನ್ಯವಾಗಿ ಮೂರಡಿಯ ಒಳಗೆ ಏರಿ ನಿಲ್ಲುತ್ತದೆ. ಪೈಪಿನ ಸೋರಿಕೆಗೆ ಮಾತ್ರ ಒಂದು ನಡುಬಿಂದು ಇರುತ್ತದೆ. ಆ ಬಿಂದುವಿನ ಸುತ್ತ, ಹೆಚ್ಚಾಗಿ ಅದರ ಕೆಳಗೆ, ಋತುವಿನ ಹಂಗಿಲ್ಲದೆ ಕಲೆ ಬೆಳೆಯುತ್ತಲೇ ಹೋಗುತ್ತದೆ. ನಿಮ್ಮದು ಮನೆಯ ಒಳಗಿನ ಗೋಡೆ, ಕಲೆ ಮೂರೂವರೆ ಅಡಿಯ ಎತ್ತರದಲ್ಲಿದೆ, ಜನವರಿಯಲ್ಲೂ ಬೆಳೆಯುತ್ತಿದೆ. ಆದ್ದರಿಂದ ಇದು ಮಳೆಯದ್ದಲ್ಲ ಎಂದು ನಾನು ಬಹುಮಟ್ಟಿಗೆ ಧೈರ್ಯವಾಗಿ ಹೇಳುತ್ತೇನೆ. ಬಿಳಿಯ ಪುಡಿಯನ್ನು ಮಾತ್ರ ಸಾಕ್ಷಿಯಾಗಿ ಹಿಡಿಯಬೇಡಿ. ಗಿಲಾವಿನ, ಕಲ್ಲಿನ ಲವಣಗಳು ನೀರಿನಲ್ಲಿ ಕರಗಿ, ನೀರು ಆರಿದಾಗ ಮೇಲ್ಮೈಯಲ್ಲಿ ಉಳಿಯುವುದೇ ಆ ಪುಡಿ. ನೀರು ಎಲ್ಲಿಂದ ಬಂದರೂ ಅದು ಏಳುತ್ತದೆ.

ಗೋಡೆಯ ಮೇಲಿನ ತೇವ ಒಳಗಿನದೋ ಕೋಣೆಯ ಗಾಳಿಯದೋ ಎಂಬ ಅನುಮಾನವಿದ್ದರೆ, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಕಲೆಯ ಮೇಲಿಟ್ಟು ನಾಲ್ಕೂ ಅಂಚುಗಳಿಗೆ ಟೇಪು ಅಂಟಿಸಿ ಒಂದೆರಡು ದಿನ ಬಿಡಿ. ಗೋಡೆಯ ಕಡೆಯ ಮುಖದಲ್ಲಿ ಹನಿಗಳು ಕೂಡಿದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ, ಕೋಣೆಯ ಕಡೆಯ ಮುಖದಲ್ಲಿ ಕೂಡಿದರೆ ಗಾಳಿಯ ತೇವ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ.

ಇನ್ನು ಮುಖ್ಯವಾದ ಪರೀಕ್ಷೆ. ಮೀಟರ್ ಇರುವ ಮನೆಗಳಲ್ಲಿ ಎಲ್ಲ ನಲ್ಲಿಗಳನ್ನು ಮುಚ್ಚಿ, ಮೀಟರಿನ ಅಂಕಿಯನ್ನು ಬರೆದಿಟ್ಟು, ಒಂದೆರಡು ಗಂಟೆ ಬಿಟ್ಟು ನೋಡಿದರೆ ಸಾಕು. ನಿಮ್ಮಂತೆ ಬಾವಿ ಮತ್ತು ಟ್ಯಾಂಕು ಇರುವವರಿಗೆ ಟ್ಯಾಂಕೇ ಮೀಟರು. ರಾತ್ರಿ ಎಲ್ಲರೂ ಮಲಗುವ ಮುನ್ನ ಟ್ಯಾಂಕನ್ನು ಅರ್ಧದಿಂದ ಮುಕ್ಕಾಲು ತುಂಬಿಸಿ ಪಂಪನ್ನು ನಿಲ್ಲಿಸಿ. ಒಂದು ನೇರವಾದ ಕೋಲನ್ನು ಟ್ಯಾಂಕಿನ ತಳ ಮುಟ್ಟುವಂತೆ ಇಳಿಸಿ, ನೀರು ತಾಗಿದ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಅದೇ ಜಾಗದಲ್ಲಿ ಅದೇ ಕೋಲನ್ನು ಇಳಿಸಿ ನೋಡಿ. ಸಾವಿರ ಲೀಟರಿನ ಟ್ಯಾಂಕಿನ ಒಳಗಿನ ಅಗಲ ಸುಮಾರು 110 ಸೆಂಟಿಮೀಟರ್ ಎಂದು ಇಟ್ಟುಕೊಂಡರೆ, 55ನ್ನು 55ರಿಂದ ಗುಣಿಸಿ ಮತ್ತೆ 3.14ರಿಂದ ಗುಣಿಸಿದಾಗ ಸುಮಾರು 9500 ಚದರ ಸೆಂಟಿಮೀಟರ್ ಬರುತ್ತದೆ; ಅಂದರೆ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ಒಂಬತ್ತೂವರೆ ಲೀಟರ್ ನೀರು ಹೋಗಿದೆ ಎಂದರ್ಥ. ನಿಮ್ಮ ಟ್ಯಾಂಕಿನ ಅಗಲವನ್ನು ಅಳೆದು ಇದೇ ಲೆಕ್ಕ ಮಾಡಿಕೊಳ್ಳಿ.

ಮಟ್ಟ ಇಳಿದಿದ್ದರೆ ಮರುದಿನ ರಾತ್ರಿ ಟ್ಯಾಂಕಿನ ಬುಡದ ಗೇಟ್ ವಾಲ್ವನ್ನು ಮುಚ್ಚಿ ಅದೇ ಪರೀಕ್ಷೆಯನ್ನು ಮಾಡಿ. ಆಗಲೂ ಇಳಿದರೆ ಟ್ಯಾಂಕಿನದೇ ತೊಂದರೆ, ಅಥವಾ ಟ್ಯಾಂಕಿಗೂ ವಾಲ್ವಿಗೂ ನಡುವಿನ ಕೂಡುಜಾಗದ್ದು, ಇಲ್ಲವೇ ಪಂಪಿನ ಕಡೆಯ ನಾನ್ ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಸರಿಯಾಗಿ ಕೂರದೆ ನೀರು ಬಾವಿಗೆ ಮರಳುತ್ತಿರಬಹುದು. ಕೊನೆಯದು ಪಂಪಿನ ಪೈಪು ಟ್ಯಾಂಕಿನ ಕೆಳಭಾಗದಲ್ಲಿ ಸೇರಿದ್ದರೆ ಮಾತ್ರ ಸಾಧ್ಯ. ಇಳಿಯದಿದ್ದರೆ ಸೋರಿಕೆ ವಾಲ್ವಿನ ಆಚೆ ಇದೆ. ಆಮೇಲೆ ಅಡುಗೆಮನೆಯ ಸಾಲು, ಬಚ್ಚಲಿನ ತಣ್ಣೀರಿನ ಸಾಲು, ಸೋಲಾರಿಗೆ ಹೋಗುವ ಸಾಲು ಹೀಗೆ ಯಾವ ಯಾವುದಕ್ಕೆ ಪ್ರತ್ಯೇಕ ವಾಲ್ವ್ ಇದೆಯೋ ಅವುಗಳನ್ನು ಒಂದೊಂದಾಗಿ ತೆರೆದಿಟ್ಟು ನೋಡುತ್ತ ಹೋಗಿ. ಇದಕ್ಕೆ ಕೆಲವು ರಾತ್ರಿಗಳು ಹಿಡಿಯುತ್ತವೆ, ಆದರೆ ಒಂದು ಟೈಲ್ಸಿಗೂ ಪೆಟ್ಟಾಗದೆ ಉತ್ತರ ಸಿಗುತ್ತದೆ.

ಗೋಡೆಯ ಪೈಪಿನ ಮೇಲೆ ಅನುಮಾನಪಡುವ ಮೊದಲು ಕಮೋಡಿನ ಫ್ಲಶ್ ಟ್ಯಾಂಕನ್ನು ಪರೀಕ್ಷಿಸಿ. ಅಡುಗೆಗೆ ಬಳಸುವ ಬಣ್ಣವನ್ನು ಸ್ವಲ್ಪ ಅದರೊಳಗೆ ಕರಗಿಸಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟಾಗ ಕಮೋಡಿನ ನೀರಿಗೆ ಬಣ್ಣ ಬಂದರೆ ಒಳಗಿನ ರಬ್ಬರ್ ಸವೆದಿದೆ. ಸದ್ದಿಲ್ಲದೆ ಬಹಳ ನೀರು ಹೋಗುವ ಜಾಗ ಅದು. ನಲ್ಲಿಯ ಹನಿಯನ್ನೂ ಕಡೆಗಣಿಸಬೇಡಿ: ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ ಸುಮಾರು ಇಪ್ಪತ್ತು ಲೀಟರ್ ಆಗುತ್ತದೆ.

ಶರಾವತಿ ದಡದವ (ಹೊನ್ನಾವರ), ಉತ್ತರ

ಮೇಲಿನ ಉತ್ತರಕ್ಕೆ ಒಂದನ್ನು ಮಾತ್ರ ಸೇರಿಸುತ್ತೇನೆ. ಟ್ಯಾಂಕಿನ ಮಟ್ಟ ರಾತ್ರಿಯಲ್ಲಿ ಸ್ವಲ್ಪವೂ ಇಳಿಯದಿದ್ದು, ಗೋಡೆ ಮಾತ್ರ ಒದ್ದೆಯಾಗಿಯೇ ಇದ್ದರೆ ನೀರು ತರುವ ಪೈಪನ್ನು ಬಿಟ್ಟು ನೀರು ಹೋಗುವ ದಾರಿಯನ್ನು ನೋಡಬೇಕು. ಬಚ್ಚಲಿನ ನೆಲದ ಜಾಲರಿಯ ಕೆಳಗಿನ ನಹಾಣಿ ಟ್ರ್ಯಾಪಿನ ಸುತ್ತ, ಟೈಲ್ಸುಗಳ ಸಂದಿನಲ್ಲಿ ಬಿಳಿ ಸಿಮೆಂಟು ಎದ್ದು ಹೋದ ಕಡೆ, ವಾಶ್ ಬೇಸಿನ್ನಿನ ಕೆಳಗಿನ ಪೈಪು ಗೋಡೆಗೆ ಸೇರುವ ಕಡೆ ನೀರು ಇಳಿಯುತ್ತಿರುತ್ತದೆ. ಜಾಲರಿಗೆ ಬಟ್ಟೆ ತುರುಕಿ, ಅದರ ಮೇಲೊಂದು ಪ್ಲಾಸ್ಟಿಕ್ ಚೀಲ ಹರಡಿ ಭಾರವಿಟ್ಟು, ನೆಲದಲ್ಲಿ ಒಂದು ಇಂಚು ನೀರು ನಿಲ್ಲಿಸಿ, ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ ಕೆಲವು ಗಂಟೆ ಬಿಡಿ. ಇದಕ್ಕೂ ಸರಳವಾದದ್ದೆಂದರೆ ಮನೆಯಲ್ಲಿ ಇನ್ನೊಂದು ಬಚ್ಚಲಿದ್ದರೆ ವಾರದ ಮಟ್ಟಿಗೆ ಅದನ್ನೇ ಬಳಸುವುದು. ಕಲೆ ಆರತೊಡಗಿದರೆ ಸ್ನಾನದ ನೀರೇ ಕಾರಣ.

ನಂದನಗದ್ದಾ ನಿವಾಸಿ (ಕಾರವಾರ), ಮರುಪ್ರಶ್ನೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಪ್ಪನೇ ಮುತುವರ್ಜಿಯಿಂದ ಎಲ್ಲ ಪರೀಕ್ಷೆಗಳನ್ನೂ ಮಾಡಿ ಚೀಟಿಯಲ್ಲಿ ಬರೆದಿಟ್ಟಿದ್ದರು. ಎಲ್ಲ ವಾಲ್ವುಗಳೂ ತೆರೆದಿದ್ದಾಗ ಒಂದು ರಾತ್ರಿಗೆ ಮಟ್ಟ ಸುಮಾರು ಆರು ಸೆಂಟಿಮೀಟರ್ ಇಳಿಯಿತು, ಅಂದರೆ ಐವತ್ತೇಳು ಲೀಟರಿನಷ್ಟು ನೀರು. ಜಲಜೀವನ ಮಿಷನ್ನಿನಲ್ಲಿ ಹಳ್ಳಿಯ ಮನೆಗಳಿಗೆ ತಲೆಗೆ ದಿನವೊಂದಕ್ಕೆ 55 ಲೀಟರ್ ಎಂದು ಲೆಕ್ಕ ಇಟ್ಟಿರುವುದನ್ನು ನೆನೆದಾಗ, ಒಬ್ಬರ ಇಡೀ ದಿನದ ನೀರು ಒಂದೇ ರಾತ್ರಿಯಲ್ಲಿ ಗೋಡೆಯೊಳಗೆ ಇಂಗಿ ಹೋಗುತ್ತಿದೆಯಲ್ಲ ಎಂದು ನಿಜಕ್ಕೂ ಸಂಕಟವಾಯಿತು. ಬುಡದ ವಾಲ್ವನ್ನು ಮುಚ್ಚಿದಾಗ ಮಟ್ಟ ಕದಲಲಿಲ್ಲ. ಸೋಲಾರಿಗೆ ನೀರು ಹೋಗುವ ವಾಲ್ವನ್ನು ಮಾತ್ರ ಮುಚ್ಚಿ ಉಳಿದೆಲ್ಲವನ್ನೂ ತೆರೆದಾಗಲೂ ಕದಲಲಿಲ್ಲ, ಅದನ್ನು ತೆರೆದ ರಾತ್ರಿ ಮತ್ತೆ ಇಳಿಯಿತು. ಆದ್ದರಿಂದ ಬಿಸಿನೀರಿನ ಸಾಲಿನಲ್ಲೇ ಸೋರಿಕೆ ಇದೆ ಎಂದು ತಿಳಿಯಬಹುದೇ? ಆ ಸಾಲು ಕಲೆಯಿರುವ ಜಾಗದ ಹತ್ತಿರವೇ ಇಳಿದು, ಬಿಸಿನೀರನ್ನೂ ತಣ್ಣೀರನ್ನೂ ಬೆರೆಸುವ ಷವರಿನ ಮಿಕ್ಸರಿಗೆ ಸೇರುತ್ತದೆ. ಯಾವ ಜಾತಿಯ ಪೈಪು ಹಾಕಿದ್ದಾರೆಂದು ನಮಗೆ ತಿಳಿಯದು. ತಾರಸಿಯ ಮೇಲೆ ಕಾಣುವ ಭಾಗ ನಸು ಹಳದಿಯ ಬಣ್ಣದ್ದು.

ಅಂಕೋಲೆಯ ಪ್ಲಂಬರ್, ಉತ್ತರ

ನಿಮ್ಮ ತಂದೆಯವರು ಮಾಡಿದ ಪರೀಕ್ಷೆಯಿಂದ ಅರ್ಧ ಕೆಲಸ ಮುಗಿದಿದೆ. ತಿಳಿಹಳದಿಯ ಪೈಪು ಸಾಮಾನ್ಯವಾಗಿ ಸಿಪಿವಿಸಿ, ಅಂದರೆ ಬಿಸಿ ತಾಳುವ ಪ್ಲಾಸ್ಟಿಕ್, ಬಿಸಿನೀರಿಗೆ ಸರಿಯಾದದ್ದೇ. ತಣ್ಣೀರಿಗೆ ಬಳಸುವ ಬಿಳಿಯ ಯುಪಿವಿಸಿಯನ್ನು ಸೋಲಾರಿಗೆ ಹಾಕಿದ್ದರೆ ಇಡೀ ಸಾಲನ್ನು ಬದಲಿಸಿ ಎನ್ನುತ್ತಿದ್ದೆ, ಏಕೆಂದರೆ ಬೇಸಿಗೆಯಲ್ಲಿ ಸೋಲಾರಿನ ನೀರು 60 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ ಮತ್ತು ಆ ಬಿಸಿಗೆ ಯುಪಿವಿಸಿ ಮೆತ್ತಗಾಗಿ ಜೋಡಣೆಗಳಲ್ಲಿ ಬಾಗಿ ಬಿಡುತ್ತದೆ. ಸಿಪಿವಿಸಿಯಲ್ಲೂ ಎರಡು ದಪ್ಪಗಳು ಮಾರುಕಟ್ಟೆಯಲ್ಲಿವೆ: ಎಸ್‌ಡಿಆರ್ 11 ಮತ್ತು ಎಸ್‌ಡಿಆರ್ 13.5. ಪೈಪಿನ ಹೊರಗಿನ ಅಗಲ ಅದರ ಮೈಯ ದಪ್ಪದ ಎಷ್ಟು ಪಟ್ಟು ಎಂಬುದೇ ಈ ಅಂಕಿ, ಹಾಗಾಗಿ ಮೊದಲನೆಯದು ದಪ್ಪ. ಸಾಧಾರಣ ಉಷ್ಣತೆಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 28 ಕೆ.ಜಿ. ಒತ್ತಡ ತಾಳುವ ಅದೇ ಪೈಪು 82 ಡಿಗ್ರಿಯಲ್ಲಿ ತಾಳುವುದು ಸುಮಾರು 7 ಕೆ.ಜಿ. ಮಾತ್ರ. ಬಿಸಿನೀರಿಗೆ ದಪ್ಪನೆಯದನ್ನೇ ಕೊಳ್ಳಬೇಕು ಎನ್ನುವುದಕ್ಕೆ ಇದೇ ಕಾರಣ.

ಆದರೆ ಪೈಪು ನಟ್ಟನಡುವೆ ಸೀಳುವುದು ಅಪರೂಪ. ನಾನು ಕಂಡಂತೆ ತೊಂದರೆ ಇರುವುದು ಜೋಡಣೆಗಳಲ್ಲಿ. ಮಿಕ್ಸರ್ ಕೂರುವ ಜಾಗದಲ್ಲಿ ಹಿತ್ತಾಳೆಯ ಮರೆ (ಸ್ಕ್ರೂವಿನಂತಹ ಸುತ್ತುಗೆರೆ) ಇರುವ ಎಲ್ಬೋ, ಅಂದರೆ ಪೈಪನ್ನು ಮೂಲೆಗೆ ತಿರುಗಿಸುವ ಜೋಡಣೆ, ಹಾಕಿರುತ್ತಾರೆ. ಮಿಕ್ಸರನ್ನು ಕೂರಿಸುವಾಗ ಪಾನಾ ಹಿಡಿದು ಅಗತ್ಯಕ್ಕಿಂತ ಹೆಚ್ಚು ಬಿಗಿದರೆ ಹಿತ್ತಾಳೆಗೂ ಪ್ಲಾಸ್ಟಿಕ್ಕಿಗೂ ನಡುವೆ ಕೂದಲೆಳೆಯ ಬಿರುಕು ಬೀಳುತ್ತದೆ. ಅದು ಅಂದೇ ಸೋರುವುದಿಲ್ಲ. ಬಿಸಿನೀರು ಬಂದಾಗ ಪೈಪು ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಮೂರು ಮೀಟರ್ ಉದ್ದದ ಸಿಪಿವಿಸಿ ಪೈಪು 40 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 8 ಮಿಲಿಮೀಟರ್ ಉದ್ದವಾಗುತ್ತದೆ. ಗೋಡೆಯ ಕಾಲುವೆಯಲ್ಲಿ ಸಿಮೆಂಟನ್ನು ಇಡುಕಿರಿದು ತುಂಬಿದ್ದರೆ ಹಿಗ್ಗಲು ಎಡೆಯಿಲ್ಲದೆ ಆ ಒತ್ತಡವೆಲ್ಲ ತುದಿಯ ಎಲ್ಬೋದ ಮೇಲೆ ಬೀಳುತ್ತದೆ. ಹೀಗೆ ವರ್ಷಗಳ ಮೇಲೆ ಬಿರುಕು ಬಾಯಿ ತೆರೆಯುತ್ತದೆ. ನೆಲದಿಂದ ಮೂರೂವರೆ ಅಡಿ ಎಂದರೆ ಮಿಕ್ಸರಿನ ಎತ್ತರವೇ ಆಗಿರುವುದರಿಂದ ನನ್ನ ಮೊದಲ ಅನುಮಾನ ಬಿಸಿನೀರಿನ ಕಡೆಯ ಎಲ್ಬೋದ ಮೇಲೆ.

ಈಗ ಮಾಡಬೇಕಾದದ್ದು ಇಷ್ಟು. ಸೋಲಾರಿನ ಒಳಹರಿವು, ಹೊರಹರಿವು ಎರಡರ ವಾಲ್ವುಗಳನ್ನೂ ಮುಚ್ಚಿಸಿ, ಮಿಕ್ಸರನ್ನು ಬಿಚ್ಚಿಸಿ, ಬಾಯಿಗೆ ಪ್ಲಗ್ಗು ಹಾಕಿಸಿ, ಬಿಸಿನೀರಿನ ಸಾಲೊಂದಕ್ಕೇ ಕೈಪಂಪಿನಿಂದ ಒತ್ತಡ ಕೊಟ್ಟು ನೋಡಲು ಹೇಳಿ. ಆ ಪಂಪಿಗೆ ಒತ್ತಡ ತೋರಿಸುವ ಗಡಿಯಾರವಿರುತ್ತದೆ, ನಾಲ್ಕೈದು ಕೆ.ಜಿ.ಯವರೆಗೆ ಏರಿಸಿ ಬಿಟ್ಟಾಗ ಮುಳ್ಳು ಇಳಿಯುತ್ತ ಹೋದರೆ ಸೋರಿಕೆ ಖಚಿತ. ಒತ್ತಡ ಇರುವಾಗಲೇ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೋಡೆಗೂ ಹಿಡಿಯನ್ನು ಕಿವಿಗೂ ಇಟ್ಟು ಅಲ್ಲಲ್ಲಿ ಆಲಿಸಿದರೆ ಸಣ್ಣಗೆ ಸುಯ್ಯೆನ್ನುವ ಸದ್ದು ಎಲ್ಲಿ ಜೋರಾಗಿದೆ ಎಂದು ತಿಳಿಯುತ್ತದೆ. ಊರು ಮಲಗಿದ ಮೇಲೆ ಮಾಡಿದರೆ ಇನ್ನೂ ಚೆನ್ನ. ಇಷ್ಟಾದ ಮೇಲೆ ಕೋಣೆಯ ಕಡೆಯಿಂದ, ಅಂದರೆ ಟೈಲ್ಸಿಲ್ಲದ ಕಡೆಯಿಂದ, ಒಂದಡಿ ಚೌಕ ಮಾತ್ರ ಬಿಡಿಸಿ ನೋಡಬಹುದು. ಹೇಗೂ ಅಲ್ಲಿಯ ಗಿಲಾವು ಕೆಟ್ಟಿದೆ, ಅದನ್ನು ತೆಗೆಯಲೇಬೇಕು. ಬಚ್ಚಲಿನ ಟೈಲ್ಸು ಉಳಿಯುವ ಸಾಧ್ಯತೆ ಹೆಚ್ಚು.

ಜೋಡಿಸುವಾಗ ಪಕ್ಕದಲ್ಲಿ ನಿಂತು ಕೆಲವನ್ನು ಗಮನಿಸಿ. ಪೈಪು ನೇರವಾಗಿ ಕತ್ತರಿಸಿರಬೇಕು, ಅಂಚಿನ ಸಿಬರುಗಳನ್ನು ಕೆರೆದು ತೆಗೆದಿರಬೇಕು, ಎರಡೂ ಮೈಗಳು ಪೂರ್ತಿ ಒಣಗಿರಬೇಕು. ಮೇಲಿನಿಂದ ಒಂದೊಂದು ಹನಿ ಜಿನುಗುತ್ತಿರುವಾಗಲೇ ಅಂಟು ಬಳಿದು ತುರುಕಿದರೆ ಆ ಜೋಡಣೆ ನಿಲ್ಲುವುದಿಲ್ಲ. ಸಿಪಿವಿಸಿಗೆ ಸಿಪಿವಿಸಿಯದೇ ಸಾಲ್ವೆಂಟ್ ಬೇಕು, ಪಿವಿಸಿಯದ್ದು ಮಿಕ್ಕಿದೆಯೆಂದು ಅದನ್ನೇ ಬಳಿಯಲು ಬಿಡಬೇಡಿ. ಒಳಗೂ ಹೊರಗೂ ಬಳಿದು, ತೂರಿಸಿ, ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಅದುಮಿ ಹಿಡಿಯಬೇಕು. ಹಾಗೆ ಹಿಡಿಯದಿದ್ದರೆ ಪೈಪು ತಾನಾಗಿ ಸ್ವಲ್ಪ ಹಿಂದಕ್ಕೆ ಜಾರುತ್ತದೆ. ನಮ್ಮ ಕಡೆಯ ತೇವದ ಗಾಳಿಯಲ್ಲಿ ಅಂಟು ಆರಲು ಹೆಚ್ಚು ಹೊತ್ತು ಬೇಕು. ಒಂದು ಹಗಲು, ಒಂದು ರಾತ್ರಿ ಬಿಟ್ಟ ಮೇಲೆಯೇ ಒತ್ತಡ ಕೊಡಿ, ಮತ್ತೆ ಕೈಪಂಪಿನಿಂದ ಪರೀಕ್ಷಿಸಿದ ನಂತರವೇ ಗೋಡೆ ಮುಚ್ಚಿಸಿ. ಮರೆಯ ಜೋಡಣೆಗೆ ಟೆಫ್ಲಾನ್ ಟೇಪನ್ನು ಮರೆ ತಿರುಗುವ ದಿಕ್ಕಿನಲ್ಲೇ ಸುತ್ತಿ ಕೈಯಿಂದ ಬಿಗಿ ಮಾಡಿ, ಆಮೇಲೆ ಪಾನಾದಿಂದ ಒಂದು ಸುತ್ತಿನಷ್ಟು ತಿರುಗಿಸಿದರೆ ಸಾಕಾಗುತ್ತದೆ. ಮುಚ್ಚುವ ಮೊದಲು ಪೈಪಿಗೆ ಸ್ಪಂಜಿನ ಕೊಳವೆಯನ್ನು ತೊಡಿಸಿದರೆ ಹಿಗ್ಗಲು ಎಡೆ ಸಿಗುತ್ತದೆ, ನೀರಿನ ಬಿಸಿಯೂ ಉಳಿಯುತ್ತದೆ. ಫೋಟೋ ಒಂದನ್ನು ತೆಗೆದು, ಮೂಲೆಯಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ ಎಂದು ಬರೆದಿಟ್ಟುಕೊಳ್ಳಿ.

ಇದೇ ಸಂದರ್ಭದಲ್ಲಿ ಹಳೆಯ ಭಾಗದಲ್ಲಿ ಜಿಐ (ಸತುವಿನ ಲೇಪವಿರುವ ಕಬ್ಬಿಣದ) ಪೈಪು ಉಳಿದಿದ್ದರೆ ಅದನ್ನೂ ನೋಡಿಸಿ. ಕಡಲ ಗಾಳಿಯ ಉಪ್ಪು ಹೊರಗಿನಿಂದ ತಿನ್ನುತ್ತದೆ. ಚಿರೆಕಲ್ಲಿನ ನೆಲದ ಬಾವಿಗಳ ನೀರು ಅನೇಕ ಕಡೆ ಆಮ್ಲದ ಕಡೆಗೆ ವಾಲಿರುತ್ತದೆ, ಅದು ಸತುವಿನ ಲೇಪವನ್ನು ಒಳಗಿನಿಂದ ತಿನ್ನುತ್ತದೆ. ಬೆಳಿಗ್ಗೆ ಮೊದಲು ಬರುವ ನೀರು ಕೆಂಪಾಗಿದ್ದರೆ, ಮರೆಗಳ ಬಳಿ ತುಕ್ಕಿನ ಗಂಟು ಕಂಡರೆ ಆ ಪೈಪಿನ ಆಯುಷ್ಯ ಮುಗಿಯುತ್ತ ಬಂದಿದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಿಡುತ್ತದೆ. ತಾರಸಿಯ ಮೇಲೆ ಬಿಸಿಲಿಗೆ ಬಿದ್ದಿರುವ ಪಿವಿಸಿ ಪೈಪುಗಳಿಗೆ ಬಿಳಿಯ ಬಣ್ಣ ಬಳಿಸಿ, ಬಿಸಿಲಿಗೆ ಅವು ಪೆಡಸಾಗಿ ಸಣ್ಣ ಪೆಟ್ಟಿಗೂ ಸಿಡಿಯುತ್ತವೆ.

ತೋಟದಮನೆ (ಶಿರಸಿ), ಉತ್ತರ

ಪೈಪು ಪೂರ್ತಿ ಒಡೆಯುವುದರ ಬಗ್ಗೆ ಘಟ್ಟದ ಮೇಲಿನವನಾದ ನಾನು ನಾಲ್ಕು ಮಾತು ಸೇರಿಸಬಯಸುತ್ತೇನೆ, ಏಕೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಗುಡ್ಡದ ಒರತೆಯಿಂದ ಮನೆಗೆ ಅಬ್ಬಿ ನೀರು ತಂದುಕೊಂಡವರಿಗೆ ಇದು ಪ್ರತಿ ವರ್ಷದ ಪಾಡು.

ನೀರಿನ ಎತ್ತರ ಹತ್ತು ಮೀಟರ್ ಹೆಚ್ಚಿದರೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಒತ್ತಡ ಹೆಚ್ಚುತ್ತದೆ. ನಂದನಗದ್ದಾದ ಮನೆಯಲ್ಲಿ ಟ್ಯಾಂಕು ನಲ್ಲಿಗಿಂತ ನಾಲ್ಕೈದು ಮೀಟರ್ ಮೇಲಿರಬಹುದು, ಅಲ್ಲಿ ಒತ್ತಡ ಅರ್ಧ ಕೆ.ಜಿ.ಯ ಆಸುಪಾಸು. ಒರತೆ ಮನೆಗಿಂತ 70 ಮೀಟರ್ ಮೇಲಿದ್ದು, ಕೆಳಗೆ ನಲ್ಲಿ ಮುಚ್ಚಿದ್ದರೆ ಪೈಪಿನ ಕೆಳತುದಿಯಲ್ಲಿ 7 ಕೆ.ಜಿ. ಒತ್ತಡ ನಿಂತಿರುತ್ತದೆ. ಅಂತಹ ಕಡೆ ಅಗ್ಗಕ್ಕೆ ಸಿಕ್ಕಿತೆಂದು 4 ಕೆ.ಜಿ.ಯ ಪೈಪನ್ನು ಎಳೆದರೆ ಅದು ತೆರೆದ ನಲ್ಲಿಯಿರುವಷ್ಟು ದಿನ ತಾಳಿ, ಮುಚ್ಚಿದ ದಿನ ಸೀಳುತ್ತದೆ. ಕೊಳ್ಳುವಾಗ ಪೈಪಿನ ಮೈಮೇಲೆ ಅಚ್ಚು ಹಾಕಿರುವ ಒತ್ತಡದ ವರ್ಗವನ್ನು ಓದಲೇಬೇಕು. ಗುಡ್ಡದ ನಡುವೆ ಒಂದು ಸಣ್ಣ ತೆರೆದ ತೊಟ್ಟಿಯನ್ನು ಕಟ್ಟಿ, ಮೇಲಿನ ನೀರನ್ನು ಅದಕ್ಕೆ ಬಿಟ್ಟು, ಅಲ್ಲಿಂದ ಮತ್ತೆ ಪೈಪು ಎಳೆದರೆ ಒತ್ತಡ ಆ ತೊಟ್ಟಿಯಲ್ಲಿ ಸೊನ್ನೆಯಾಗಿ ಕೆಳಗಿನ ಪೈಪಿಗೆ ಉಳಿದ ಎತ್ತರದ ಭಾರ ಮಾತ್ರ ಬೀಳುತ್ತದೆ. ಹಣ ಖರ್ಚು ಮಾಡುವುದಾದರೆ ಅದಕ್ಕೇ ಮಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಎರಡನೆಯದು ವಾಲ್ವನ್ನು ಥಟ್ಟನೆ ಮುಚ್ಚುವುದು. ಹರಿಯುವ ನೀರು ಒಮ್ಮೆಲೇ ನಿಂತರೆ ಅದರ ವೇಗವೆಲ್ಲ ಒತ್ತಡವಾಗಿ ಪೈಪಿಗೆ ಬಡಿಯುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಪಿವಿಸಿ ಪೈಪಿನಲ್ಲಿ ಹಾಗೆ ನಿಂತಾಗ ಇದ್ದ ಒತ್ತಡದ ಮೇಲೆ ಸುಮಾರು 4 ಕೆ.ಜಿ. ಏರುತ್ತದೆ, ಕಬ್ಬಿಣದ ಪೈಪಿನಲ್ಲಿ ಅದು 10 ಕೆ.ಜಿ.ಯನ್ನೂ ಮೀರುತ್ತದೆ. ಬಾಲ್ ವಾಲ್ವಿನ ಹಿಡಿಕೆ ಕಾಲು ಸುತ್ತಿನಲ್ಲಿ ಮುಚ್ಚಿಬಿಡುವುದರಿಂದ ಅದನ್ನು ನಿಧಾನವಾಗಿ ತಿರುಗಿಸುವುದನ್ನು ಮನೆಯವರೆಲ್ಲ ರೂಢಿಸಿಕೊಳ್ಳಬೇಕು. ನಲ್ಲಿ ಮುಚ್ಚಿದಾಗ ಗೋಡೆಯೊಳಗೆ ಢಣ್ ಎಂಬ ಸದ್ದು ಬಂದರೆ ಅಲ್ಲಿ ಇದೇ ನಡೆಯುತ್ತಿದೆ.

ತೋಟದ ಬಾಗುವ ಕಪ್ಪು ಪ್ಲಾಸ್ಟಿಕ್ ಎಚ್‌ಡಿಪಿಇ ಪೈಪು ಒಡೆದಾಗ ತತ್‌ಕ್ಷಣಕ್ಕೆ ಒಂದು ಅನುಕೂಲವಿದೆ: ಒಂದಿಂಚಿನವರೆಗಿನ ಪೈಪಾದರೆ ಒಡೆದ ಜಾಗದ ಮೇಲ್ಗಡೆ ಅದನ್ನು ಮಡಿಸಿ ಹಗ್ಗದಿಂದ ಕಟ್ಟಿ ನೀರು ನಿಲ್ಲಿಸಬಹುದು. ಆಮೇಲೆ ಕೆಟ್ಟ ತುಂಡನ್ನು ಕತ್ತರಿಸಿ, ನಡುವೆ ಜಾಯಿಂಟರ್ ಕೂರಿಸಿ, ಕ್ಲಿಪ್ಪು ಬಿಗಿಯಿರಿ. ಕಟ್ಟುವ ತಂತಿಯನ್ನು ಇಕ್ಕುಳದಿಂದ ತಿರುಚಿ ಬಿಗಿಯುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ತೆಳ್ಳನೆಯ ತಂತಿ ಪೈಪಿನ ಮೈಯನ್ನು ಕೊರೆದು ಅದೇ ಗೆರೆಯಲ್ಲಿ ಮುಂದಿನ ಸೀಳು ಬೀಳುವುದರಿಂದ ಅದನ್ನು ಬಿಡುವುದು ಒಳ್ಳೆಯದು. ಮಾರ್ಚ್, ಏಪ್ರಿಲ್‌ನಲ್ಲಿ ಪೈಪು ಹೋದ ದಾರಿಯಲ್ಲಿ ಒಂದೇ ಕಡೆ ಹುಲ್ಲು ಹಸಿರಾಗಿದ್ದರೆ, ಅಥವಾ ಹಂದಿ ಅಲ್ಲೇ ಬಂದು ಮಣ್ಣು ಉತ್ತಿದ್ದರೆ ಮೊದಲು ಅಲ್ಲಿ ಅಗೆದು ನೋಡಿ. ಮಂಗಗಳು ಜೋತುಬೀಳುವ ಕಡೆ ಪೈಪನ್ನು ಮೇಲೆ ಹಾಯಿಸದೆ ಒಂದೂವರೆ ಅಡಿ ಆಳದಲ್ಲಿ ಹೂಳುವುದೇ ಸರಿ.

ಗೋಕರ್ಣದ ಗೃಹಿಣಿ, ಉತ್ತರ

ಮನೆಯಲ್ಲಿ ಹಿರಿಯರಿಬ್ಬರೇ ಇರುವ ಬಗ್ಗೆ ಕೇಳಿದ್ದೀರಿ. ನನ್ನ ಅತ್ತೆ ಮಾವನವರಿಗಾಗಿ ನಾವು ಮಾಡಿಕೊಂಡ ಏರ್ಪಾಡನ್ನು ಹೇಳುತ್ತೇನೆ.

ಮುಖ್ಯ ವಾಲ್ವ್ ತಾರಸಿಯ ಮೇಲೆ ಟ್ಯಾಂಕಿನ ಬುಡದಲ್ಲಿ ಮಾತ್ರ ಇದ್ದರೆ ವಯಸ್ಸಾದವರು ರಾತ್ರಿ ಏಣಿ ಹತ್ತಬೇಕಾಗುತ್ತದೆ. ಹಾಗಾಗದಂತೆ ಟ್ಯಾಂಕಿನಿಂದ ಇಳಿಯುವ ಪೈಪಿಗೆ ನೆಲದಲ್ಲಿ ನಿಂತು ಕೈಗೆಟಕುವ ಎತ್ತರದಲ್ಲಿ ಇನ್ನೊಂದು ಬಾಲ್ ವಾಲ್ವನ್ನು ಹಾಕಿಸಿ, ಹಿಡಿಕೆಗೆ ಕೆಂಪು ಬಣ್ಣ ಬಳಿದು, ಪಕ್ಕದಲ್ಲಿ ದಪ್ಪಕ್ಷರದಲ್ಲಿ "ಮನೆಯ ನೀರು" ಎಂದು ಬರೆಸಿ. ಸೋಲಾರಿನ ವಾಲ್ವಿಗೂ ಹೀಗೆಯೇ ಹೆಸರು ಬರೆಸಿ. ತಿಂಗಳಿಗೊಮ್ಮೆ ಮುಚ್ಚಿ ತೆರೆಯಲು ಹೇಳಿ; ವರ್ಷಗಟ್ಟಲೆ ಮುಟ್ಟದ ವಾಲ್ವ್ ಬೇಕಾದ ಹೊತ್ತಿಗೆ ತಿರುಗುವುದೇ ಇಲ್ಲ.

ಪೈಪು ಒಡೆದಾಗ ಮೊದಲು ಆ ವಾಲ್ವನ್ನು ಮುಚ್ಚಬೇಕು. ಪಂಪು ಓಡುತ್ತಿದ್ದರೆ ನಿಲ್ಲಿಸಬೇಕು. ನೀರು ಸ್ವಿಚ್ಚಿನ ಬೋರ್ಡಿನ ಕಡೆಗೆ ಹರಿಯುತ್ತಿದ್ದರೆ, ಒಣಗಿದ ಜಾಗದಲ್ಲಿ ನಿಂತು ಮೇನ್ ಸ್ವಿಚ್ಚನ್ನು ತೆಗೆಯಬೇಕು. ಅಲ್ಲಿಗೆ ಹೋಗಲು ನೀರು ತುಳಿಯಬೇಕಾದರೆ ಹೋಗದೆ ನೆರೆಯವರನ್ನೋ ವಿದ್ಯುತ್ ಇಲಾಖೆಯವರನ್ನೋ ಕರೆಯಬೇಕು. ಗೀಸರ್ ಇದ್ದರೆ ಅದರ ಸ್ವಿಚ್ಚನ್ನೂ ತೆಗೆಯಬೇಕು, ನೀರಿಲ್ಲದ ಗೀಸರಿನ ಕಾಯಿಲ್ ಸುಟ್ಟುಹೋಗುತ್ತದೆ. ಇಷ್ಟಾದ ಮೇಲೆ ಕೆಳಗಿನ ನಲ್ಲಿಯೊಂದನ್ನು ತೆರೆದಿಟ್ಟರೆ ಪೈಪಿನಲ್ಲಿ ಉಳಿದ ನೀರು ಒಡೆದ ಜಾಗದಲ್ಲಿ ಹರಿಯದೆ ಅಲ್ಲಿ ಹೋಗುತ್ತದೆ. ಬಿಸಿನೀರಿನ ಪೈಪು ಒಡೆದಿದ್ದರೆ ಹತ್ತಿರ ಹೋಗದಿರಲು ಅವರಿಗೆ ಒತ್ತಿ ಹೇಳಿ. ಸ್ಕೂಟರಿನ ಹಳೆಯ ಟ್ಯೂಬಿನಿಂದ ಕತ್ತರಿಸಿದ ಅಗಲದ ಪಟ್ಟಿ, ಎರಡು ಹೋಸ್ ಕ್ಲಿಪ್ಪು, ಒಂದು ಸ್ಕ್ರೂಡ್ರೈವರ್ ಇಷ್ಟನ್ನು ಡಬ್ಬಿಯಲ್ಲಿ ಹಾಕಿ ಇಟ್ಟರೆ, ನೆರೆಮನೆಯ ಹುಡುಗರು ಬಂದು ಹೊರಗಿನ ಪೈಪಿಗೆ ಟ್ಯೂಬು ಸುತ್ತಿ ಕ್ಲಿಪ್ಪು ಬಿಗಿದು ಬೆಳಗಿನವರೆಗೆ ತಡೆಯಬಹುದು. ನಮ್ಮ ಕಡೆ ತುಕ್ಕು ಬೇಗ ಹಿಡಿಯುವುದರಿಂದ ಕ್ಲಿಪ್ಪು ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಎಂ-ಸೀಲ್ ಹಚ್ಚುವುದಾದರೆ ನೀರು ನಿಲ್ಲಿಸಿ, ಜಾಗವನ್ನು ಒರಸಿ, ಉಪ್ಪುಕಾಗದದಿಂದ ತಿಕ್ಕಿ ಹಚ್ಚಬೇಕು, ಒದ್ದೆಯ ಮೇಲೆ ಅದು ಹಿಡಿಯುವುದಿಲ್ಲ.

ಕುಡಿಯುವ ನೀರಿನ ಬಗ್ಗೆ ಯಾರೂ ಹೇಳಲಿಲ್ಲ, ಅದನ್ನು ನಾನು ಹೇಳಬೇಕು. ಅಂಗಳದ ನಲ್ಲಿಗೆ ನೀರು ದಿನವಿಡೀ ಇರದೆ ಗಂಟೆಗಳ ಲೆಕ್ಕದಲ್ಲಿ ಬರುವುದಾದರೆ, ನೀರು ನಿಂತಾಗ ಪೈಪು ಖಾಲಿಯಾಗುತ್ತ ಒಳಗೆಳೆಯುತ್ತದೆ. ಆಗ ನೆಲದೊಳಗಿನ ಸಣ್ಣ ಸೋರಿಕೆಯಿಂದ ಹೊರಗಿನ ಗಟಾರದ ನೀರು ಒಳಗೆ ಸೇರುತ್ತದೆ. ಕಾಮಾಲೆ, ಟೈಫಾಯ್ಡ್, ವಾಂತಿಭೇದಿ ಹರಡುವ ಒಂದು ದಾರಿ ಇದು. ನೀರು ಬಿಟ್ಟ ಮೊದಲ ಕೆಲವು ನಿಮಿಷ ಕದಡಿ ಬಂದರೆ, ವಾಸನೆಯಿದ್ದರೆ ಆ ನೀರನ್ನು ಗಿಡಗಳಿಗೆ ಬಿಟ್ಟು ನಗರಸಭೆಗೆ ಅಂದೇ ದೂರು ಕೊಡಿ, ಪಾಗಾರದೊಳಗಿನ ನಿಮ್ಮದೇ ಪೈಪು ಶೌಚದ ಗುಂಡಿಯ ಪಕ್ಕ ಹಾದಿದ್ದರೆ ಅದನ್ನು ದೂರಕ್ಕೆ ಸರಿಸಿ. ಯಾವುದೇ ರಿಪೇರಿಯಾದ ಮೇಲೆ ನಲ್ಲಿಗಳನ್ನು ತೆರೆದು ಮಣ್ಣು, ಪೈಪಿನ ಚೂರು, ಅಂಟಿನ ವಾಸನೆ ಹೋಗುವವರೆಗೆ ನೀರು ಹರಿಸಿ. ಟ್ಯಾಂಕನ್ನು ತೊಳೆದು ತುಂಬಿಸಿದ ಮೇಲೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಗಷ್ಟು ತಳಕ್ಕಿಳಿದ ನಂತರ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ ಕಲಕಿ ಒಂದು ಗಂಟೆ ಬಿಡಬೇಕು. ಬ್ಲೀಚಿಂಗ್ ಪೌಡರಿನ ಚೀಲ ತೆರೆದಿಟ್ಟರೆ ನಮ್ಮ ಹವೆಯಲ್ಲಿ ಬೇಗ ಸತ್ವ ಕಳೆದುಕೊಳ್ಳುವುದರಿಂದ ಸಣ್ಣ ಪೊಟ್ಟಣವನ್ನೇ ತಂದು, ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಇಡಿ. ಅಪ್ಪ, ಆಯಿಗೆ ಕುಡಿಯಲು ಮಾತ್ರ ಕುದಿಸಿ ಆರಿಸಿದ ನೀರನ್ನೇ ಕೊಡಿ.